ಎಲ್ಲರನ್ನೂ ಒಂದೇ ಪಂಕ್ತಿಗೆ ಕರೆದ ಪ್ರೇಷಿತ ಸಂತ ಪೌಲರ ಜೀವನ ಚರಿತ್ರೆ



ಮೆಟ್ಟಿಲು ಹತ್ತಿ ಬಂದು, ಪ್ರಾರ್ಥನೆ ಮುಗಿಸಿ, ನೆರಳಲ್ಲಿ ಕೂತು ಈ ಪುಸ್ತಕ ತೆರೆದಿದ್ದೀರಿ. ಕಾಲು ನೋಯ್ತಾ ಇರಬಹುದು. ಹಾಗಿದ್ದರೆ ಸಂತ ಪೌಲರ ಚರಿತ್ರೆ ಓದಲು ಇದೇ ಸರಿಯಾದ ಸಮಯ. ಏಕೆಂದರೆ ಇದು ಕಾಲು ನೋಯಿಸಿಕೊಂಡವರ ಕಥೆ. ಬಸ್ಸಿಲ್ಲ, ರೈಲಿಲ್ಲ, ಇವತ್ತಿನ ಹಾಗೆ ಫೋನಿಲ್ಲ. ಆ ಕಾಲದಲ್ಲಿ ಅವರು ನಡೆದ ದಾರಿ ಮತ್ತು ಹಡಗಿನಲ್ಲಿ ಹೋದ ದಾರಿ ಎರಡೂ ಸೇರಿದರೆ ಹಲವು ಸಾವಿರ ಕಿಲೋಮೀಟರ್ ಆಗುತ್ತದೆ.

ಪೌಲರು ಯೇಸುಸ್ವಾಮಿಯವರ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬರಲ್ಲ. ಸ್ವಾಮಿಯವರು ಗಲಿಲೇಯದಲ್ಲಿ ಬೋಧನೆ ಮಾಡುತ್ತಿದ್ದಾಗ ಜೊತೆಗೆ ಇದ್ದವರೂ ಅಲ್ಲ. ಮೊದಲಿಗೆ ಅವರು ವಿರೋಧಿ. ಆದರೂ ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ 13 ಪತ್ರಗಳು ಅವರ ಹೆಸರಿನಲ್ಲೇ ಇವೆ. ಇದು ಹೇಗಾಯಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಸರಳವಾಗಿ ಬರೆದಿದ್ದೇನೆ.

ತಾರ್ಸ ಪಟ್ಟಣದ ಹುಡುಗ

ಇಂದಿನ ಟರ್ಕಿ ದೇಶದ ದಕ್ಷಿಣ ಭಾಗದಲ್ಲಿ ತಾರ್ಸ ಎಂಬ ಪಟ್ಟಣವಿದೆ. ಆಗ ಅದು ರೋಮ್ ಸಾಮ್ರಾಜ್ಯಕ್ಕೆ ಸೇರಿದ ಸಿಲಿಸಿಯ ಸೀಮೆಯ ದೊಡ್ಡ ಊರು. ವ್ಯಾಪಾರಕ್ಕೂ ವಿದ್ಯೆಗೂ ಹೆಸರುವಾಸಿ. ಕ್ರಿಸ್ತಶಕದ ಮೊದಲ ಹತ್ತು ವರ್ಷಗಳ ಆಸುಪಾಸಿನಲ್ಲಿ ಅಲ್ಲಿನ ಒಂದು ಯೆಹೂದ್ಯ ಮನೆಯಲ್ಲಿ ಸೌಲನು ಹುಟ್ಟಿದನು. ಬೆನ್ಯಮೀನ ಕುಲದ ಮನೆತನ. ಹುಟ್ಟಿನಿಂದಲೇ ರೋಮ್ ಪೌರತ್ವವೂ ಇತ್ತು. ಇದು ಆ ಕಾಲದಲ್ಲಿ ಎಲ್ಲರಿಗೂ ಸಿಗುವಂಥದ್ದಲ್ಲ. ಮುಂದೆ ಇದೇ ಅವರ ಪ್ರಾಣ ಉಳಿಸಿತು.

ಅನೇಕರು ಸೌಲ ಎಂಬ ಹೆಸರು ಮನಪರಿವರ್ತನೆಯಾದ ಮೇಲೆ ಪೌಲ ಎಂದು ಬದಲಾಯಿತು ಅಂತ ತಿಳಿದಿದ್ದಾರೆ. ಹಾಗಲ್ಲ. ಮನೆಯವರಲ್ಲಿ ಸೌಲ, ರೋಮನರ ನಡುವೆ ಪೌಲ. ನಮ್ಮಲ್ಲೂ ಮನೆಯಲ್ಲೊಂದು ಹೆಸರು, ಶಾಲೆಯ ದಾಖಲೆಯಲ್ಲೊಂದು ಹೆಸರು ಇರುತ್ತದಲ್ಲ, ಹಾಗೆ.

ಸೌಲನು ಕಲಿತ ಕಸುಬು ಗುಡಾರ ಮಾಡುವುದು. ಆಡಿನ ಕೂದಲಿನಿಂದ ನೇಯ್ದ ಒರಟು ಬಟ್ಟೆಗೆ ಸಿಲಿಸಿಯ ಸೀಮೆ ಪ್ರಸಿದ್ಧ. ಆ ಬಟ್ಟೆಗೆ ಸೀಮೆಯ ಹೆಸರೇ ಬಿದ್ದಿತ್ತು. ಹೀಗೆ ಒಂದು ಕೈಯಲ್ಲಿ ಕಸುಬು, ಇನ್ನೊಂದು ಕೈಯಲ್ಲಿ ವಿದ್ಯೆ. ಜೆರುಸಲೇಮಿಗೆ ಹೋಗಿ ಗಮಲಿಯೇಲ ಎಂಬ ದೊಡ್ಡ ಗುರುಗಳ ಪಾದದ ಬಳಿ ಧರ್ಮಶಾಸ್ತ್ರ ಕಲಿತನು. ಫರಿಸಾಯರ ಪಂಥದವನಾದ್ದರಿಂದ ಆಚಾರದಲ್ಲಿ ಬಹಳ ಕಟ್ಟುನಿಟ್ಟು.

ಆ ದಿನಗಳಲ್ಲೇ ಜೆರುಸಲೇಮಿನಲ್ಲಿ ಸಂತ ಸ್ತೇಫನರನ್ನು ಕಲ್ಲು ಹೊಡೆದು ಕೊಂದರು. ಕ್ರಿಸ್ತರಿಗಾಗಿ ಪ್ರಾಣ ಕೊಟ್ಟ ಮೊದಲ ಸಾಕ್ಷಿ ಅವರು. ಕಲ್ಲು ಎಸೆಯುವವರು ಮೇಲಂಗಿಗಳನ್ನು ಬಿಚ್ಚಿ ಒಬ್ಬ ಯುವಕನ ಕಾಲ ಬಳಿ ಇಟ್ಟರು. ಆ ಯುವಕನೇ ಸೌಲ. ಅವನು ಕಲ್ಲು ಎತ್ತಲಿಲ್ಲ, ಆದರೆ ಬಟ್ಟೆ ಕಾದನು. ಸ್ತೇಫನರನ್ನು ಕೊಂದದ್ದಕ್ಕೆ ಅವನ ಸಮ್ಮತಿಯೂ ಇತ್ತು. ಮುಂದೆ ಮನೆಮನೆಗೆ ನುಗ್ಗಿ ಯೇಸುವನ್ನು ನಂಬಿದ ಗಂಡಸರು ಹೆಂಗಸರು ಎನ್ನದೆ ಎಳೆದು ಸೆರೆಗೆ ಹಾಕಿಸುತ್ತಿದ್ದನು.

ದಮಸ್ಕಸ್ ದಾರಿಯಲ್ಲಿ

ಜೆರುಸಲೇಮಿನಲ್ಲಿ ಹಿಡಿದದ್ದು ಸಾಲದು ಅಂತ ಸೌಲನು ಸಿರಿಯದ ದಮಸ್ಕಸ್ ಪಟ್ಟಣಕ್ಕೆ ಹೊರಟನು. ಪ್ರಧಾನ ಯಾಜಕರಿಂದ ಪತ್ರ ಪಡೆದು, ಜೊತೆಗೆ ಜನ ಕಟ್ಟಿಕೊಂಡು ಹೊರಟಿದ್ದನು. ಪಟ್ಟಣ ಹತ್ತಿರ ಬಂದಾಗ ಆಕಾಶದಿಂದ ಮಹಾ ಬೆಳಕು ಸುತ್ತಲೂ ಹೊಳೆಯಿತು. ಸೌಲನು ನೆಲಕ್ಕೆ ಬಿದ್ದನು. ತನ್ನನ್ನು ಏಕೆ ಹಿಂಸಿಸುತ್ತಿದ್ದೀಯ ಎಂದು ಕೇಳುವ ಒಂದು ದನಿ ಕಿವಿಗೆ ಬಿತ್ತು. ಯಾರೆಂದು ಕೇಳಿದರೆ, ಅದು ಯೇಸುವಿನ ದನಿ.

ಚಿತ್ರಗಳಲ್ಲಿ ಸೌಲನು ಕುದುರೆಯಿಂದ ಬೀಳುವ ಹಾಗೆ ಬರೆದಿರುತ್ತಾರೆ. ನೀವೂ ನೋಡಿರಬಹುದು. ಬೈಬಲಿನಲ್ಲಿ ಕುದುರೆಯ ಮಾತೇ ಇಲ್ಲ, ಅದು ಚಿತ್ರಕಾರರು ಸೇರಿಸಿದ್ದು.

ಎದ್ದು ಕಣ್ಣು ತೆರೆದರೆ ಏನೂ ಕಾಣಲಿಲ್ಲ. ಜನರನ್ನು ಕಟ್ಟಿ ತರಲು ಬಂದವನನ್ನು ಚಿಕ್ಕ ಮಗುವಿನ ಹಾಗೆ ಕೈ ಹಿಡಿದು ಊರೊಳಗೆ ನಡೆಸಬೇಕಾಯಿತು. ಮೂರು ದಿನ ಕಣ್ಣಿಲ್ಲ, ಅನ್ನವಿಲ್ಲ, ನೀರಿಲ್ಲ. ನೆಟ್ಟಗಿನ ಬೀದಿ ಎಂಬ ಬೀದಿಯ ಒಂದು ಮನೆಯಲ್ಲಿ ಪ್ರಾರ್ಥನೆ ಮಾಡುತ್ತಾ ಕೂತಿದ್ದನು. ಆ ಬೀದಿ ದಮಸ್ಕಸ್ಸಿನಲ್ಲಿ ಈಗಲೂ ಇದೆ.

ಆ ಊರಿನಲ್ಲಿ ಅನನೀಯ ಎಂಬ ಒಬ್ಬ ಶಿಷ್ಯರಿದ್ದರು. ಸೌಲನ ಬಳಿಗೆ ಹೋಗು ಎಂದು ಪ್ರಭು ದರ್ಶನದಲ್ಲಿ ಹೇಳಿದಾಗ ಅನನೀಯರು ಹೆದರಿದರು. ಹೆದರದೆ ಇರುತ್ತಾರೆಯೇ? ಆತ ಬಂದದ್ದೇ ಇಂಥವರನ್ನು ಹಿಡಿಯಲು. ಆದರೂ ಹೋದರು. ಹೋಗಿ ತಲೆಯ ಮೇಲೆ ಕೈಯಿಟ್ಟು ಮೊದಲು ಕರೆದದ್ದೇ ಸಹೋದರ ಎಂದು. ಕಣ್ಣಿನಿಂದ ಪೊರೆಯಂಥದ್ದು ಕಳಚಿ ಬಿತ್ತು. ಸೌಲನು ದೀಕ್ಷಾಸ್ನಾನ ಪಡೆದು ಊಟ ಮಾಡಿದನು.

ಇಲ್ಲಿಯವರೆಗೆ ಅವನು ಎಂದು ಬರೆದೆ. ಇನ್ನು ಮುಂದೆ ಅವರು ಎಂದು ಬರೆಯುತ್ತೇನೆ.

ಬಾರ್ನಬರು ಹಿಡಿದ ಕೈ

ಮನಸ್ಸು ತಿರುಗಿದ ತಕ್ಷಣ ಎಲ್ಲವೂ ಸರಿಹೋಯಿತು ಅಂತ ತಿಳಿಯಬೇಡಿ. ಹಳೆಯ ಜೊತೆಗಾರರಿಗೆ ಇವರು ದ್ರೋಹಿ, ಹೊಸಬರಿಗೆ ಇವರ ಮೇಲೆ ಅನುಮಾನ. ಕೆಲಕಾಲ ಅರೇಬಿಯಾ ಸೀಮೆಯಲ್ಲಿದ್ದು ಮತ್ತೆ ದಮಸ್ಕಸ್ಸಿಗೆ ಬಂದರು. ಕೊಲ್ಲುವ ಹೊಂಚು ನಡೆದಾಗ ಶಿಷ್ಯರು ರಾತ್ರಿ ಹೊತ್ತು ಅವರನ್ನು ಒಂದು ಬುಟ್ಟಿಯಲ್ಲಿ ಕೂರಿಸಿ ಕೋಟೆ ಗೋಡೆಯಿಂದ ಕೆಳಕ್ಕೆ ಇಳಿಬಿಟ್ಟರು.

ಮೂರು ವರ್ಷದ ಬಳಿಕ ಜೆರುಸಲೇಮಿಗೆ ಹೋದರೆ ಅಲ್ಲಿಯೂ ಯಾರೂ ಹತ್ತಿರ ಸೇರಿಸಲಿಲ್ಲ. ಸೈಪ್ರಸ್ ದ್ವೀಪದ ಬಾರ್ನಬರು ಮಾತ್ರ ಕೈ ಹಿಡಿದು ಪ್ರೇಷಿತರ ಬಳಿಗೆ ಕರೆದುಕೊಂಡು ಹೋಗಿ ಇವರ ಪರವಾಗಿ ಮಾತಾಡಿದರು. ಸಂತ ಪೇತ್ರರ ಜೊತೆ ಪೌಲರು ಹದಿನೈದು ದಿನ ಇದ್ದರು. ಆಮೇಲೆ ಪ್ರಾಣಭಯವಿದ್ದುದರಿಂದ ತಾರ್ಸಕ್ಕೆ ಕಳುಹಿಸಿಬಿಟ್ಟರು. ಅಲ್ಲಿ ವರ್ಷಗಳು ಕಳೆದವು.

ಅಷ್ಟರಲ್ಲಿ ಸಿರಿಯ ಪ್ರಾಂತ್ಯದ ಅಂತಿಯೋಕ್ಯದಲ್ಲಿ ಹೊಸದೊಂದು ಸಂಗತಿ ನಡೆಯಿತು. ಅಲ್ಲಿ ಯೆಹೂದ್ಯರಲ್ಲದ ಜನರೂ ಯೇಸುವನ್ನು ನಂಬಿ ಒಟ್ಟಿಗೆ ಸೇರತೊಡಗಿದರು. ಇದನ್ನು ನೋಡಿಕೊಳ್ಳಲು ಬಂದ ಬಾರ್ನಬರಿಗೆ ನೆನಪಾದದ್ದು ಪೌಲರು. ತಾವೇ ತಾರ್ಸಕ್ಕೆ ಹೋಗಿ ಹುಡುಕಿ ಕರೆತಂದರು. ಕ್ರೈಸ್ತರು ಎಂಬ ಹೆಸರು ಮೊದಲು ಬಿದ್ದದ್ದು ಅದೇ ಅಂತಿಯೋಕ್ಯದಲ್ಲಿ. ಇಂದು ಅದು ಟರ್ಕಿಯ ಅಂತಾಕ್ಯ ಪಟ್ಟಣ. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಆ ಊರು ಬಹಳವಾಗಿ ನೆಲಕಚ್ಚಿತು. ಅಲ್ಲಿನ ಜನರನ್ನು ನಿಮ್ಮ ಪ್ರಾರ್ಥನೆಯಲ್ಲಿ ನೆನೆಸಿರಿ.

ಮೊದಲನೆಯ ಪ್ರಯಾಣ

ಸುಮಾರು ಕ್ರಿ.ಶ. 46ರಲ್ಲಿ ಅಂತಿಯೋಕ್ಯದ ಸಭೆಯವರು ಉಪವಾಸ ಮಾಡಿ, ಕೈಗಳನ್ನಿಟ್ಟು ಪ್ರಾರ್ಥಿಸಿ ಬಾರ್ನಬರನ್ನೂ ಪೌಲರನ್ನೂ ಕಳುಹಿಸಿಕೊಟ್ಟರು. ಸಹಾಯಕ್ಕೆ ಮಾರ್ಕ ಎಂಬ ಯುವಕ. ಮೊದಲು ಹಡಗು ಹತ್ತಿ ಸೈಪ್ರಸ್ಸಿಗೆ ಹೋದರು. ಅಲ್ಲಿನ ರಾಜ್ಯಪಾಲ ಸೆರ್ಗಿಯ ಪೌಲನು ಇವರ ಬೋಧನೆ ಕೇಳಿ ನಂಬಿದನು. ಅಲ್ಲಿಂದ ಸಮುದ್ರ ದಾಟಿ ಪೆರ್ಗಕ್ಕೆ ಬಂದಾಗ ಮಾರ್ಕ ಇವರನ್ನು ಬಿಟ್ಟು ಮನೆಗೆ ಹಿಂತಿರುಗಿದ. ಮುಂದೆ ಬೆಟ್ಟ ಹತ್ತಿ ಒಳನಾಡಿಗೆ ಹೋಗುವ ದಾರಿ.

ಯಾವ ಊರಿಗೆ ಹೋದರೂ ಪೌಲರ ಕ್ರಮ ಒಂದೇ. ಮೊದಲು ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಹೋಗುವುದು, ಅಲ್ಲಿ ಮಾತಾಡುವುದು. ಕೆಲವರು ನಂಬುವರು, ಕೆಲವರು ಸಿಟ್ಟಾಗುವರು. ಆಮೇಲೆ ಅನ್ಯಜನರ ಕಡೆಗೆ ತಿರುಗುವುದು. ಒಂದು ಚಿಕ್ಕ ಗುಂಪು ನಿಲ್ಲುವವರೆಗೆ ಇದ್ದು ಮುಂದಿನ ಊರಿಗೆ ಹೊರಡುವುದು.

ಲುಸ್ತ್ರ ಎಂಬ ಊರಿನಲ್ಲಿ ಹುಟ್ಟಿನಿಂದ ನಡೆಯಲಾಗದ ಒಬ್ಬ ಮನುಷ್ಯ ಪೌಲರ ಮಾತಿನಿಂದ ಎದ್ದು ನಡೆದಾಡಿದ. ಊರಿನವರು ದೇವರುಗಳೇ ಮನುಷ್ಯರೂಪದಲ್ಲಿ ಇಳಿದು ಬಂದಿದ್ದಾರೆ ಅಂತ ಹೋರಿಗಳನ್ನೂ ಹೂಮಾಲೆಗಳನ್ನೂ ತಂದು ಬಲಿಗೆ ಸಿದ್ಧ ಮಾಡಿದರು. ಇವರಿಬ್ಬರೂ ಬಟ್ಟೆ ಹರಿದುಕೊಂಡು, ತಾವೂ ನಿಮ್ಮಂತೆ ಮನುಷ್ಯರೇ ಎಂದು ಕೂಗಿ ತಡೆದರು. ಆಮೇಲೆ ಹೊರಗಿನಿಂದ ಬಂದ ಕೆಲವರು ಚಾಡಿ ಹೇಳಿದಾಗ ಅದೇ ಜನ ಪೌಲರಿಗೆ ಕಲ್ಲು ಹೊಡೆದು, ಸತ್ತರೆಂದು ತಿಳಿದು ಊರ ಹೊರಗೆ ಎಳೆದು ಹಾಕಿದರು. ಸ್ತೇಫನರ ಮೇಲೆ ಬಿದ್ದ ಕಲ್ಲು ಈಗ ಪೌಲರ ಮೇಲೂ ಬಿತ್ತು. ಶಿಷ್ಯರು ಸುತ್ತ ನಿಂತಿದ್ದಾಗ ಎದ್ದು ಮತ್ತೆ ಅದೇ ಊರೊಳಗೆ ನಡೆದರು. ಮರುದಿನ ದೆರ್ಬೆಗೆ ಹೊರಟರು. ಅಲ್ಲಿಂದ ಹಿಂತಿರುಗುವಾಗ ಹತ್ತಿರದ ಬೇರೆ ದಾರಿ ಹಿಡಿಯದೆ, ಕಲ್ಲು ಹೊಡೆದ ಊರಿಗೇ ಮತ್ತೆ ಹೋಗಿ, ನಂಬಿದವರಿಗೆ ಧೈರ್ಯ ಹೇಳಿ ಬಂದರು.

ಪಂಕ್ತಿಯ ಪ್ರಶ್ನೆ

ಈಗ ಬರುವುದು ಈ ಚರಿತ್ರೆಯ ಮುಖ್ಯ ಘಟ್ಟ. ದಯವಿಟ್ಟು ನಿಧಾನವಾಗಿ ಓದಿರಿ.

ಮೊದಲ ಶಿಷ್ಯರೆಲ್ಲ ಯೆಹೂದ್ಯರೇ. ಯೇಸುಸ್ವಾಮಿಯವರೂ ಯೆಹೂದ್ಯರೇ. ಅವರಿಗೆ ಊಟದ ನಿಯಮ, ಸುನ್ನತಿ, ಶುದ್ಧ ಅಶುದ್ಧದ ಆಚಾರ ಎಲ್ಲ ದೇವರು ಕೊಟ್ಟದ್ದು. ಈಗ ಗ್ರೀಕರೂ ಬೇರೆ ಜನರೂ ಬಂದರು. ಇವರು ಮೊದಲು ಯೆಹೂದ್ಯರಾಗಿ, ಸುನ್ನತಿ ಮಾಡಿಸಿಕೊಂಡು, ಆಮೇಲೆ ಸಭೆಗೆ ಸೇರಬೇಕೇ? ಅಥವಾ ಇದ್ದ ಹಾಗೆಯೇ ಬರಬಹುದೇ? ಕೆಲವರು ಸುನ್ನತಿ ಇಲ್ಲದಿದ್ದರೆ ರಕ್ಷಣೆಯೇ ಇಲ್ಲ ಎಂದು ಬೋಧಿಸಿದರು. ಪೌಲರು ಒಪ್ಪಲಿಲ್ಲ.

ಸುಮಾರು ಕ್ರಿ.ಶ. 49ರಲ್ಲಿ ಇದರ ತೀರ್ಮಾನಕ್ಕೆ ಜೆರುಸಲೇಮಿನಲ್ಲಿ ಸಭೆ ಕೂಡಿತು. ಬಹಳ ಚರ್ಚೆಯಾಯಿತು. ಪೇತ್ರರು ಮಾತಾಡಿದರು, ಬಾರ್ನಬ ಮತ್ತು ಪೌಲರು ತಾವು ಕಂಡದ್ದನ್ನು ಹೇಳಿದರು, ಕೊನೆಗೆ ಯಕೋಬರು ತೀರ್ಮಾನ ಹೇಳಿದರು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಅನೈತಿಕತೆ ಇವುಗಳಿಂದ ದೂರವಿದ್ದರೆ ಸಾಕು. ಸುನ್ನತಿಯ ಹೊರೆ ಬೇಡ. ಹೀಗೆಂದು ಪತ್ರ ಬರೆದು ಕಳುಹಿಸಿದರು.

ಆದರೆ ಕಾಗದದ ಮೇಲೆ ಬರೆದದ್ದು ಎಲೆಯ ಮುಂದೆ ಕೂತಾಗ ಅಷ್ಟು ಸುಲಭವಲ್ಲ. ಇದೇ ಕಾಲದ ಆಸುಪಾಸಿನಲ್ಲಿ ಸಂತ ಪೇತ್ರರು ಅಂತಿಯೋಕ್ಯಕ್ಕೆ ಬಂದಿದ್ದರು. ಮೊದಲು ಅನ್ಯಜನರ ಜೊತೆ ಕೂತು ಊಟ ಮಾಡುತ್ತಿದ್ದರು. ಜೆರುಸಲೇಮಿನಿಂದ ಯಕೋಬರ ಕಡೆಯವರು ಕೆಲವರು ಬಂದ ಮೇಲೆ, ಅವರು ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದ ಹಿಂದೆ ಸರಿದು ಬೇರೆ ಕೂತರು. ಅವರನ್ನು ನೋಡಿ ಉಳಿದವರೂ ಎದ್ದರು. ಪೌಲರ ಕೈ ಹಿಡಿದಿದ್ದ ಬಾರ್ನಬರು ಕೂಡ ಎದ್ದರು. ಪೌಲರು ಸುಮ್ಮನಿರಲಿಲ್ಲ. ಎಲ್ಲರ ಎದುರಿಗೇ ಪೇತ್ರರಿಗೆ, ನೀವು ಮಾಡುತ್ತಿರುವುದು ಶುಭಸಂದೇಶಕ್ಕೆ ತಕ್ಕ ನಡೆಯಲ್ಲ ಎಂದು ಹೇಳಿಬಿಟ್ಟರು. ಈ ಸಂಗತಿಯನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವರೇ ತಿಳಿಸಿದ್ದಾರೆ.

ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಸಾಕು: ಪಂಕ್ತಿಭೇದ.

ನನ್ನದೊಂದು ನೆನಪು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಚಿಕ್ಕವನಿದ್ದಾಗ ಒಂದು ಊರ ಹಬ್ಬಕ್ಕೆ ಪ್ರತಿ ವರ್ಷ ಹೋಗ್ತಿದ್ದೆವು. ಪೂಜೆ ಎಲ್ಲರಿಗೂ ಒಂದೇ, ಊಟ ಮಾತ್ರ ಎರಡು ಕಡೆ. ಚಪ್ಪರದ ಒಳಗೆ ಒಂದು ಸಾಲು, ಹೊರಗೆ ಹುಣಸೆ ಮರದ ಕೆಳಗೆ ಒಂದು ಸಾಲು. ನಮ್ಮದು ಹುಣಸೆ ಮರದ ಕೆಳಗೆ. ಏಕೆ ಅಂತ ಕೇಳಿದರೆ ಅಪ್ಪ ಏನೂ ಹೇಳ್ತಿರಲಿಲ್ಲ. ಎಲೆ ನೋಡಿಕೊಂಡು ಉಣ್ಣು ಅಂತ ಕಣ್ಣಲ್ಲೇ ತೋರಿಸ್ತಿದ್ದರು. ಎಷ್ಟೋ ವರ್ಷದ ಮೇಲೆ ಗಲಾತ್ಯದವರ ಪತ್ರ ಓದಿದಾಗ, ಆ ಹುಣಸೆ ಮರದ ಕೆಳಗೆ ಬಂದು ನಿಂತು ಮಾತಾಡಿದವರು ಒಬ್ಬರಿದ್ದರು ಅಂತ ತಿಳಿಯಿತು. ಅಂದಿನಿಂದ ಸಂತ ಪೌಲರು ನನಗೆ ಬೇಕಾದವರು.

ಪೌಲರು ಅಂದು ಸುಮ್ಮನಿದ್ದಿದ್ದರೆ ಒಂದೇ ಸಭೆಯೊಳಗೆ ಎರಡು ಮೇಜುಗಳು ಉಳಿಯುತ್ತಿದ್ದವು. ಅನ್ಯಜನರು ಯಾವತ್ತೂ ಹೊರಗಿನ ಸಾಲಿನವರೇ ಆಗುತ್ತಿದ್ದರು. ಶುಭಸಂದೇಶ ಊರೂರು ದಾಟಲು ದಾರಿ, ಹಡಗು ಎಲ್ಲ ಬೇಕಾಗಿತ್ತು ನಿಜ. ಅದಕ್ಕಿಂತ ಮೊದಲು ಈ ಒಂದು ಪಂಕ್ತಿ ಬೇಕಾಗಿತ್ತು.

ಸಮುದ್ರದ ಆಚೆಗೆ

ಎರಡನೆಯ ಪ್ರಯಾಣಕ್ಕೆ ಹೊರಡುವಾಗ ಬಾರ್ನಬರು ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗೋಣ ಎಂದರು. ಅರ್ಧದಲ್ಲಿ ಬಿಟ್ಟುಹೋದವನು ಬೇಡ ಎಂದರು ಪೌಲರು. ಮಾತು ಬೆಳೆದು ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಸಂತರಿಗೂ ಜಗಳ ತಪ್ಪಲಿಲ್ಲ. ಆದರೆ ಪೌಲರ ಹೆಸರಿನಲ್ಲಿರುವ ಕೊನೆಯ ದಿನಗಳ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂಬ ಅರ್ಥದ ಮಾತಿದೆ. ಮುರಿದದ್ದು ಮತ್ತೆ ಕೂಡಿತು.

ಈ ಸಲ ಜೊತೆಗೆ ಸಿಲಾಸರು. ಲುಸ್ತ್ರದಲ್ಲಿ ತಿಮೊಥೇಯ ಎಂಬ ಯುವಕ ಸೇರಿಕೊಂಡನು. ತಾಯಿ ಯೆಹೂದ್ಯಳು, ತಂದೆ ಗ್ರೀಕ. ತ್ರೋವ ಎಂಬ ಬಂದರಿನಲ್ಲಿ ಪೌಲರಿಗೆ ರಾತ್ರಿ ಒಂದು ದರ್ಶನವಾಯಿತು. ಮಕೆದೋನಿಯದ ಒಬ್ಬ ಮನುಷ್ಯ ನಿಂತು, ಸಮುದ್ರ ದಾಟಿ ಬಂದು ನಮಗೆ ಸಹಾಯ ಮಾಡಿ ಎಂದು ಬೇಡುತ್ತಿದ್ದ. ಹಡಗು ಹತ್ತಿದರು. ಹೀಗೆ ಪೌಲರು ಯುರೋಪಿನ ನೆಲಕ್ಕೆ ಕಾಲಿಟ್ಟರು.

ಫಿಲಿಪ್ಪಿಯಲ್ಲಿ ನದಿಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದವರು ಹೆಂಗಸರು. ಅವರಲ್ಲಿ ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರ ಮಾಡುವ ಲುದಿಯ ಎಂಬಾಕೆ ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದು, ಇವರನ್ನು ಒತ್ತಾಯ ಮಾಡಿ ತನ್ನ ಮನೆಗೆ ಕರೆದೊಯ್ದಳು. ಅದೇ ಊರಿನಲ್ಲಿ ಪೌಲರಿಗೂ ಸಿಲಾಸರಿಗೂ ಬೆತ್ತದ ಏಟು, ಕಾಲಿಗೆ ಕೊರಡು, ಸೆರೆಮನೆ. ನಡುರಾತ್ರಿ ಇಬ್ಬರೂ ಹಾಡುತ್ತಾ ಪ್ರಾರ್ಥಿಸುತ್ತಿದ್ದಾಗ ಭೂಮಿ ನಡುಗಿ ಬಾಗಿಲುಗಳು ತೆರೆದವು. ಕೈದಿಗಳು ಓಡಿಹೋದರೆಂದು ತಿಳಿದು ಸೆರೆಯ ಕಾವಲುಗಾರನು ಕತ್ತಿಯಿಂದ ಪ್ರಾಣ ಕಳೆದುಕೊಳ್ಳಲು ಹೊರಟಾಗ, ಎಲ್ಲರೂ ಇಲ್ಲೇ ಇದ್ದೇವೆ ಎಂದು ಪೌಲರು ಕೂಗಿ ತಡೆದರು. ಆ ರಾತ್ರಿಯೇ ಕಾವಲುಗಾರನು ಇವರ ಗಾಯ ತೊಳೆದು ತನ್ನ ಮನೆಯಲ್ಲಿ ಊಟಕ್ಕೆ ಬಡಿಸಿದನು.

ಅಲ್ಲಿಂದ ರೋಮನರ ಹೆದ್ದಾರಿಯಲ್ಲಿ ಥೆಸಲೋನಿಕಕ್ಕೆ, ಬೆರೋಯಕ್ಕೆ, ಆಮೇಲೆ ಅಥೆನ್ಸಿಗೆ. ಅಥೆನ್ಸಿನಲ್ಲಿ ತಿಳಿಯದ ದೇವರಿಗೆ ಎಂದು ಬರೆದ ಒಂದು ಪೀಠ ಕಂಡು, ಅದನ್ನೇ ಹಿಡಿದು ಪಂಡಿತರ ಮುಂದೆ ಮಾತಾಡಿದರು. ಕೆಲವರು ನಕ್ಕರು. ದಿಯೊನೀಸಿಯ, ದಾಮರಿ ಮೊದಲಾದ ಕೆಲವೇ ಮಂದಿ ನಂಬಿದರು.

ಸೂಜಿ, ದಾರ ಮತ್ತು ಲೆಕ್ಕ

ಅಥೆನ್ಸಿನಿಂದ ಕೊರಿಂಥ. ಎರಡು ಬಂದರುಗಳ ನಡುವಿನ ಗದ್ದಲದ ಊರು. ಅಲ್ಲಿ ಪೌಲರಿಗೆ ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ದಂಪತಿಗಳು ಸಿಕ್ಕಿದರು. ಚಕ್ರವರ್ತಿ ಕ್ಲೌದಿಯನು ಯೆಹೂದ್ಯರನ್ನು ರೋಮ್‌ನಿಂದ ಹೊರಡಿಸಿದಾಗ ಬಂದವರು. ಅವರದೂ ಗುಡಾರದ ಕಸುಬು. ಪೌಲರು ಅವರ ಮನೆಯಲ್ಲೇ ಉಳಿದು ಕೆಲಸ ಮಾಡಿದರು. ಒಂದೂವರೆ ವರ್ಷ ಅಲ್ಲಿದ್ದರು. ಬೋಧನೆ ಮಾಡುವವರು ಬೋಧನೆಯಿಂದ ಬದುಕುವುದು ತಪ್ಪಲ್ಲ ಎಂದು ಅವರೇ ಬರೆದಿದ್ದಾರೆ. ಆದರೂ ತಾವು ಮಾತ್ರ ಯಾರಿಗೂ ಹೊರೆಯಾಗಬಾರದೆಂದು ಹಗಲು ರಾತ್ರಿ ಕೈಯಿಂದ ದುಡಿದರು.

ಕೊರಿಂಥದಲ್ಲಿ ವಿರೋಧಿಗಳು ಅವರನ್ನು ರಾಜ್ಯಪಾಲ ಗಲ್ಲಿಯೋನನ ಮುಂದೆ ನಿಲ್ಲಿಸಿದರು. ಅವನು ಇದು ನಿಮ್ಮೊಳಗಿನ ಧರ್ಮದ ತಕರಾರು ಎಂದು ಪ್ರಕರಣವನ್ನೇ ತಳ್ಳಿಹಾಕಿದ. ಗ್ರೀಸಿನ ದೆಲ್ಫಿಯಲ್ಲಿ ಈ ಗಲ್ಲಿಯೋನನ ಹೆಸರಿರುವ ಕಲ್ಲಿನ ಶಾಸನ ಸಿಕ್ಕಿದೆ. ಅದರಿಂದ ಅವನು ಅಧಿಕಾರದಲ್ಲಿದ್ದದ್ದು ಸುಮಾರು ಕ್ರಿ.ಶ. 51-52 ಎಂದು ಗೊತ್ತಾಯಿತು. ಪೌಲರ ಜೀವನದ ಇಸವಿಗಳನ್ನು ಪಂಡಿತರು ಮುಖ್ಯವಾಗಿ ಈ ಕಲ್ಲಿನ ಆಧಾರದಿಂದಲೇ ಲೆಕ್ಕ ಹಾಕುತ್ತಾರೆ.

ಮೂರನೆಯ ಪ್ರಯಾಣದಲ್ಲಿ ಎಫೆಸದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಂತರು. ಅರ್ತೆಮಿ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿ ಮಾರುತ್ತಿದ್ದವರು ತಮ್ಮ ವ್ಯಾಪಾರ ಕೆಡುತ್ತದೆಂದು ಗಲಾಟೆ ಎಬ್ಬಿಸಿದರು. ಊರಿನ ಜನ ಬಯಲು ರಂಗಮಂದಿರದಲ್ಲಿ ಸೇರಿ ಎರಡು ಗಂಟೆ ಹೊತ್ತು ಕೂಗಿದರು. ಆ ರಂಗಮಂದಿರ ಈಗಲೂ ನೋಡಲು ಸಿಗುತ್ತದೆ.

ಎಫೆಸದಲ್ಲಿದ್ದಾಗ ಕೊರಿಂಥದಿಂದ ಕೆಟ್ಟ ಸುದ್ದಿ ಬಂತು. ಅಲ್ಲಿ ಪ್ರಭುಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಬಂದು ತಮ್ಮ ಊಟ ತಾವು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಮತ್ತೆ ಅದೇ ಪಂಕ್ತಿಯ ರೋಗ! ಈ ಸಲ ಜಾತಿಯಿಂದಲ್ಲ, ಹಣದಿಂದ. ಪೌಲರು ಕಟುವಾಗಿ ಪತ್ರ ಬರೆದರು. ಬಡವರನ್ನು ನಾಚಿಸುವ ಊಟ ಪ್ರಭುವಿನ ಭೋಜನವೇ ಅಲ್ಲ, ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿ ಎಂಬುದು ಆ ಪತ್ರದ ತಾತ್ಪರ್ಯ.

ಈ ಕಾಲದಲ್ಲೇ ಅವರು ಮಕೆದೋನಿಯ ಮತ್ತು ಗ್ರೀಸಿನ ಸಭೆಗಳಿಂದ ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದರು. ಅನ್ಯಜನರ ದುಡ್ಡು ಯೆಹೂದ್ಯ ಬಡವರ ಮನೆಗೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಆ ಹಣವನ್ನು ಅವರು ಒಬ್ಬರೇ ಒಯ್ಯಲಿಲ್ಲ. ನಾಳೆ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಲೆಕ್ಕ ಸರಿಯಿರಬೇಕು ಅಂತ ಸಭೆಗಳು ಆರಿಸಿದ ಜನರನ್ನು ಜೊತೆಗಿಟ್ಟುಕೊಂಡರು. ಕಾಣಿಕೆಯ ಹಣ ಮುಟ್ಟುವ ನಮ್ಮಂಥವರೆಲ್ಲ ಇದನ್ನು ನೆನಪಿಡಬೇಕು.

ಸೆರೆ ಮತ್ತು ಸಮುದ್ರ

ಜೆರುಸಲೇಮಿಗೆ ಹೋದರೆ ಬಂಧನ ಕಾದಿದೆ ಎಂದು ದಾರಿಯುದ್ದಕ್ಕೂ ಎಚ್ಚರಿಕೆ ಬಂತು. ಆದರೂ ಸುಮಾರು ಕ್ರಿ.ಶ. 57ರಲ್ಲಿ ಹಣ ತೆಗೆದುಕೊಂಡು ಹೋದರು. ದೇವಾಲಯದ ಒಳಗೆ ಅನ್ಯಜನರನ್ನು ಕರೆತಂದರೆಂದು ಸುಳ್ಳು ಸುದ್ದಿ ಹಬ್ಬಿ ಗಲಭೆಯಾಯಿತು. ರೋಮ್ ಸೈನಿಕರು ಬಂದು ಹಿಡಿದರು. ಚಾಟಿಯಿಂದ ಹೊಡೆಯಲು ಕಟ್ಟುವಾಗ ತಾವು ರೋಮ್ ಪೌರರೆಂದು ತಿಳಿಸಿದ್ದರಿಂದ ಏಟು ತಪ್ಪಿತು. ನಲವತ್ತಕ್ಕೂ ಹೆಚ್ಚು ಜನ ಅವರನ್ನು ಕೊಲ್ಲುವವರೆಗೆ ಅನ್ನ ನೀರು ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದರು. ಪೌಲರ ಅಕ್ಕನೋ ತಂಗಿಯೋ ಒಬ್ಬಳ ಮಗ ಈ ಹೊಂಚು ತಿಳಿದು ಬಂದು ಹೇಳಿದ. ರಾತ್ರೋರಾತ್ರಿ 470 ಸೈನಿಕರ ಕಾವಲಿನಲ್ಲಿ ಅವರನ್ನು ಜೆರುಸಲೇಮಿನಿಂದ ಹೊರಡಿಸಿ ಸಮುದ್ರತೀರದ ಸೆಜರೇಯಕ್ಕೆ ಸಾಗಿಸಿದರು.

ಅಲ್ಲಿ ಎರಡು ವರ್ಷ ಸೆರೆ. ರಾಜ್ಯಪಾಲ ಫೆಲಿಕ್ಸನು ಲಂಚ ಸಿಗಬಹುದೆಂದು ಕಾದು ತೀರ್ಪನ್ನೇ ಕೊಡಲಿಲ್ಲ. ಅವನ ನಂತರ ಬಂದ ಫೆಸ್ತನ ಕಾಲದಲ್ಲಿ ಪೌಲರು ತಮ್ಮ ಹಕ್ಕಿನಂತೆ ಚಕ್ರವರ್ತಿಗೇ ಮೇಲ್ಮನವಿ ಮಾಡಿದರು. ಹಡಗಿನಲ್ಲಿ ರೋಮ್‌ಗೆ ಕಳುಹಿಸಿದರು.

ಚಳಿಗಾಲ ಹತ್ತಿರವಾಗಿತ್ತು. ಹಡಗು ಬಿರುಗಾಳಿಗೆ ಸಿಕ್ಕಿತು. ಹದಿನಾಲ್ಕು ರಾತ್ರಿ ಅಲೆಗಳ ಮೇಲೆ. ಹಡಗಿನಲ್ಲಿ 276 ಜನ, ಯಾರಿಗೂ ಬದುಕುವ ಆಸೆಯಿಲ್ಲ. ಪೌಲರು ಕೈದಿ. ಆದರೂ ಅವರೇ ಎಲ್ಲರಿಗೂ ಧೈರ್ಯ ಹೇಳಿ, ರೊಟ್ಟಿ ತೆಗೆದುಕೊಂಡು ದೇವರಿಗೆ ಕೃತಜ್ಞತೆ ಸಲ್ಲಿಸಿ, ಮುರಿದು ಮೊದಲು ತಾವು ತಿಂದರು. ಅವರನ್ನು ನೋಡಿ ಸೈನಿಕರು, ನಾವಿಕರು, ಕೈದಿಗಳು ಎಲ್ಲರೂ ತಿಂದರು. ಹಡಗು ಮಾಲ್ಟಾ ದ್ವೀಪದ ಬಳಿ ಒಡೆಯಿತು. ಒಬ್ಬರೂ ಸಾಯಲಿಲ್ಲ. ಇದಕ್ಕೆ ಮುಂಚೆಯೇ ಬರೆದ ಒಂದು ಪತ್ರದಲ್ಲಿ ಅವರು ಮೂರು ಸಲ ಹಡಗು ಒಡೆದ ಸಂಗತಿ ಹೇಳಿದ್ದಾರೆ. ಹಾಗಾದರೆ ಇದು ನಾಲ್ಕನೆಯದು! ಅದೇ ಪತ್ರದಲ್ಲಿ ಐದು ಸಲ ಮೂವತ್ತೊಂಬತ್ತು ಚಾಟಿ ಏಟು, ಮೂರು ಸಲ ಬೆತ್ತದ ಏಟು ತಿಂದದ್ದನ್ನೂ ಬರೆದಿದ್ದಾರೆ.

ರೋಮ್‌ನಲ್ಲಿ ಕೊನೆಯ ದಿನಗಳು

ಮಾಲ್ಟಾದಲ್ಲಿ ಮೂರು ತಿಂಗಳು ಕಳೆದು ರೋಮ್ ತಲುಪಿದರು. ಅಲ್ಲಿನ ಕ್ರೈಸ್ತರು ಊರಿಂದ ಎಷ್ಟೋ ದೂರ ನಡೆದು ಬಂದು ಎದುರುಗೊಂಡರು. ಎರಡು ವರ್ಷ ಬಾಡಿಗೆ ಮನೆಯಲ್ಲಿ ಒಬ್ಬ ಸೈನಿಕನ ಕಾವಲಿನಲ್ಲಿದ್ದು, ಬಂದವರಿಗೆಲ್ಲ ಬಾಗಿಲು ತೆರೆದು ಬೋಧಿಸಿದರು. ಪ್ರೇಷಿತರ ಕಾರ್ಯಕಲಾಪಗಳು ಎಂಬ ಪುಸ್ತಕ ಇಲ್ಲಿಗೆ ಮುಗಿಯುತ್ತದೆ.

ಸೆರೆಯಲ್ಲಿದ್ದಾಗ ಅವರು ಬರೆದ ಒಂದು ಚಿಕ್ಕ ಪತ್ರವಿದೆ, ಬರೀ 25 ವಾಕ್ಯ. ಫಿಲೆಮೋನ ಎಂಬ ಯಜಮಾನನಿಗೆ ಬರೆದದ್ದು. ಅವನಿಂದ ದೂರವಾಗಿದ್ದ ಒನೇಸಿಮ ಎಂಬ ಗುಲಾಮ ಪೌಲರ ಬಳಿ ಬಂದು ಕ್ರೈಸ್ತನಾಗಿದ್ದ. ಅವನನ್ನು ಗುಲಾಮನಂತೆ ಅಲ್ಲ, ಪ್ರೀತಿಯ ಸಹೋದರನಂತೆ ಸೇರಿಸಿಕೋ, ಅವನಿಂದ ನಿನಗೇನಾದರೂ ಬಾಕಿಯಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಎಂದು ಕೇಳಿದರು.

ಚಕ್ರವರ್ತಿ ನೀರೋನ ಕಾಲದಲ್ಲಿ, ಸುಮಾರು ಕ್ರಿ.ಶ. 64ರಿಂದ 67ರ ನಡುವೆ, ಪೌಲರು ರೋಮ್‌ನಲ್ಲಿ ಪ್ರಾಣ ಕೊಟ್ಟರು. ರೋಮ್ ಪೌರರಾದ್ದರಿಂದ ಶಿಲುಬೆಗೆ ಹಾಕದೆ ಕತ್ತಿಯಿಂದ ತಲೆ ಕಡಿದರೆಂದು ಧರ್ಮಸಭೆಯ ಪರಂಪರೆ ಹೇಳುತ್ತದೆ. ಅವರ ಪ್ರತಿಮೆಯ ಕೈಯಲ್ಲಿ ಕತ್ತಿ ಇರುವುದು ಇದಕ್ಕೇ. ಅವರ ಸಮಾಧಿಯ ಮೇಲೆ ಕಟ್ಟಿದ ಮಹಾದೇವಾಲಯ ರೋಮ್‌ನ ಹಳೆಯ ಕೋಟೆಯ ಹೊರಗಿದೆ. 1823ರಲ್ಲಿ ಅದು ಬೆಂಕಿಗೆ ಸಿಕ್ಕಿ ಮತ್ತೆ ಕಟ್ಟಲ್ಪಟ್ಟಿತು. ಪೌಲರು ಹುಟ್ಟಿ ಎರಡು ಸಾವಿರ ವರ್ಷವಾದ ನೆನಪಿಗೆ ಜಗದ್ಗುರು 16ನೆಯ ಬೆನೆಡಿಕ್ಟರು 2008ರ ಜೂನ್‌ನಿಂದ 2009ರ ಜೂನ್‌ವರೆಗೆ ಸಂತ ಪೌಲರ ವರ್ಷವೆಂದು ಸಾರಿದ್ದರು. ಜನವರಿ 25 ಅವರ ಮನಪರಿವರ್ತನೆಯ ಹಬ್ಬ. ಜೂನ್ 29 ಪೇತ್ರ ಮತ್ತು ಪೌಲರ ಹಬ್ಬ. ಊಟದ ವಿಷಯಕ್ಕೆ ಎದುರುಬದುರು ನಿಂತಿದ್ದ ಇಬ್ಬರಿಗೂ ಧರ್ಮಸಭೆ ಒಂದೇ ದಿನ ಹಬ್ಬ ಮಾಡುತ್ತದೆ.

ಹೆಸರುಗಳ ಪಟ್ಟಿ

ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ಹೆಚ್ಚಿನವರು ಓದದೆ ಬಿಡುತ್ತಾರೆ, ಬರೀ ಹೆಸರುಗಳು ಅಂತ. ಆಫೀಸಿನಲ್ಲಿ ಕೂತು ಪೂಜೆಯ ಚೀಟಿಗೆ ದಿನವಿಡೀ ಹೆಸರು ಬರೆಯುವ ನನಗೆ ಅದೇ ಇಷ್ಟ. ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಪೌಲರು ಹೆಸರು ಹಿಡಿದು ವಂದನೆ ಹೇಳಿದ್ದಾರೆ. ಕೊರಿಂಥದ ಬಂದರು ಕೆಂಕ್ರೆಯದ ಸೇವಕಿ ಫೆಬೆ ಮೊದಲು. ಆ ಪತ್ರವನ್ನು ರೋಮ್‌ಗೆ ಒಯ್ದವಳು ಅವಳೇ ಎಂದು ತಿಳಿಯಲಾಗಿದೆ. ತಮಗಾಗಿ ತಲೆ ಕೊಡಲೂ ಸಿದ್ಧರಿದ್ದ ಪ್ರಿಸಿಲ್ಲ ಮತ್ತು ಅಕ್ವಿಲರಿದ್ದಾರೆ. ರೂಫನ ತಾಯಿ ಇದ್ದಾಳೆ, ಆಕೆ ತನಗೂ ತಾಯಿಯೇ ಎಂದಿದ್ದಾರೆ ಪೌಲರು. ಯಾರ್ಯಾರದೋ ಮನೆಯ ಆಳುಗಳೆಂದು ತೋರುವ ಜನರಿದ್ದಾರೆ. ಕೊನೆಗೆ ವಂದನೆ ಕಳುಹಿಸುವವರಲ್ಲಿ ಊರಿನ ಖಜಾಂಚಿ ಎರಾಸ್ತನಿದ್ದಾನೆ. ಅವರ ನಡುವೆ, ಪೌಲರು ಹೇಳಿದ್ದನ್ನು ಕೂತು ಬರೆದುಕೊಂಡ ತೆರ್ತಿಯ ಎಂಬ ಬರಹಗಾರ ತನ್ನದೂ ಒಂದು ವಂದನೆ ಸೇರಿಸಿದ್ದಾನೆ. ಪೌಲರು ಅದನ್ನು ತೆಗೆಸಲಿಲ್ಲ.

ಪೌಲರು ಒಬ್ಬರೇ ಲೋಕ ಸುತ್ತಿ ಶುಭಸಂದೇಶ ಹರಡಿದರು ಅಂತ ನಾವು ಹೇಳುತ್ತೇವೆ. ಹಾಗಲ್ಲ. ಬುಟ್ಟಿಯ ಹಗ್ಗ ಹಿಡಿದವರು, ಮನೆ ಬಾಗಿಲು ತೆರೆದವರು, ಗಾಯ ತೊಳೆದವರು, ಪತ್ರ ಹೊತ್ತವರು, ಬರೆದುಕೊಂಡವರು ಎಲ್ಲರೂ ಸೇರಿ ಹರಡಿದರು. ಆ ಪಟ್ಟಿಯಲ್ಲಿ ಯಜಮಾನನಿಗೆ ಒಂದು ಕಡೆ, ಆಳಿಗೆ ಒಂದು ಕಡೆ ಅಂತ ಇಲ್ಲ.

ಇಲ್ಲಿ ಹಬ್ಬದ ದಿನ ಊಟದ ಚೀಟಿ ಕೊಡುವ ಕೆಲಸವೂ ನನ್ನದೇ. ಈ ಬೆಟ್ಟಕ್ಕೆ ಎಲ್ಲ ಜಾತಿ, ಎಲ್ಲ ಮತದವರೂ ಬರುತ್ತಾರೆ. ಕೆಲವರು ಕಿಟಕಿಯ ಹತ್ತಿರ ಬಂದು ಮೆಲ್ಲಗೆ, ನಾವು ಇಂಥವರು, ಕೂರಬಹುದಾ ಸಾರ್ ಅಂತ ಕೇಳುತ್ತಾರೆ. ಕೇಳುವಾಗ ಅವರ ಮುಖ ನೋಡಿದರೆ ನನಗೆ ಅಪ್ಪನ ನೆನಪಾಗುತ್ತದೆ. ದಯವಿಟ್ಟು ಯಾರೂ ಹಾಗೆ ಕೇಳಬೇಡಿ. ಚೀಟಿಯಲ್ಲಿ ನಂಬರು ಮಾತ್ರ ಇರುತ್ತದೆ, ಬಂದ ಕ್ರಮದಲ್ಲಿ ಕೂರುವುದು. ಹಬ್ಬಕ್ಕೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ, ಊಟ ಮಾಡದೆ ಬೆಟ್ಟ ಇಳಿಯಬೇಡಿ.

ಸಂತ ಪೌಲರೇ, ನಮಗಾಗಿ ಪ್ರಾರ್ಥಿಸಿರಿ.